ಗೀತಾಳ ಮುಖಕ್ಕೆ ವೀಣಾಳ ಕಣ್ಣು

ವೀಣಾ, ವಜ್ರಳ್ಳಿಯ ನಿಮ್ಮ ಮನೆಯ ಜಗಲಿಯಲ್ಲಿ ಹದಿನೈದು ವರ್ಷದಿಂದ ಮಾಲೆ ಹಾಕಿಸಿಕೊಳ್ಳುತ್ತಿರುವ ಆ ಫೋಟೋದಲ್ಲಿ ಇರುವುದು ನಿನ್ನ ಅಕ್ಕನ ಕಣ್ಣಲ್ಲ. ನಿನ್ನದು. ನಿನ್ನ ಪಾಸ್‌ಪೋರ್ಟ್ ಫೋಟೋದಿಂದ ಕತ್ತರಿಸಿ ಗೀತಾಳ ಮುಖಕ್ಕೆ ಹಚ್ಚಿದವಳು ನಾನು. ನೀನು ಬಂದು ನೇರವಾಗಿ ಕೇಳಿದ ದಿನ ಇಲ್ಲವೆಂದು ಸಾಧಿಸಿದವಳೂ ನಾನೇ.

ಹೋದ ತಿಂಗಳು ಸ್ಟುಡಿಯೋದಲ್ಲಿ ಇದನ್ನು ಹೇಳಲು ಬಾಯಿ ತೆರೆದೆ. ನೀನು ಅರ್ಧಕ್ಕೇ ನಿಲ್ಲಿಸಿದೆ. ಉಳಿದರ್ಧ ನನ್ನ ಗಂಟಲಲ್ಲೇ ಇದೆ — ಅದಕ್ಕೆ ಬರೆಯುತ್ತಿದ್ದೇನೆ. ನೀನು ಹೋದ ಮೇಲೆ ಇನ್ನೊಂದು ನಡೆಯಿತು, ಅದೂ ನಿನಗೆ ಗೊತ್ತಾಗಬೇಕು. ಓದಿ ಹರಿದು ಹಾಕು. ಗೀತಾಳ ಮಗಳು ಮೇಧಾಳ ಕೈಗೆ ಸಿಗದಿದ್ದರೆ ಸಾಕು.

ನನ್ನ ಕೆಲಸ ಏನೆಂದು ನಿನಗೆ ಗೊತ್ತು, ಆದರೂ ಹೇಳುತ್ತೇನೆ. ನಮ್ಮ ಶಿರಸಿಯ ಸ್ಟುಡಿಯೋದಲ್ಲಿ ಕ್ಯಾಮೆರಾ ಹಿಡಿಯುವವರು ಇವರು, ಒಳಕೋಣೆಯ ಕಂಪ್ಯೂಟರ್ ನನ್ನದು. ಮದುವೆ ಮುಂಜಿಗಳ ಫೋಟೋ ತಿದ್ದುವುದಕ್ಕಿಂತ ಸತ್ತವರ ಫೋಟೋ ತಿದ್ದಿದ್ದೇ ನಾನು ಹೆಚ್ಚು. ಹನ್ನೆರಡನೆಯ ದಿನಕ್ಕೆ ಫ್ರೇಮ್ ಬೇಕು ಎಂದು ಮನೆಯವರು ಓಡಿ ಬರುತ್ತಾರೆ, ಕೈಯಲ್ಲಿ ಯಾವುದೋ ಗುಂಪು ಫೋಟೋದ ಮೂಲೆಯ ಒಂದು ಮುಖ. ಅದಕ್ಕೆ ನಾನು ಒಳ್ಳೆಯ ಸೀರೆ ಉಡಿಸುತ್ತೇನೆ, ಕುಂಕುಮ ಇಡುತ್ತೇನೆ, ಹಿಂದಿನ ಹಂಚಿನ ಮಾಡು ಅಳಿಸಿ ನೀಲಿ ಬಣ್ಣ ಹಾಕುತ್ತೇನೆ. ಯಾರೂ ಇದನ್ನು ಸುಳ್ಳು ಎನ್ನುವುದಿಲ್ಲ. ನಾನೂ ಅಂದುಕೊಂಡಿರಲಿಲ್ಲ. ಬದುಕಿದ್ದಾಗ ಒಂದು ರೇಷ್ಮೆ ಸೀರೆಯನ್ನೂ ಕಾಣದ ಎಷ್ಟೋ ಹೆಂಗಸರಿಗೆ ಸತ್ತ ಮೇಲೆ ನಾನು ಉಡಿಸಿದ್ದೇನೆ ಎಂದು ಹೆಮ್ಮೆಯಿಂದ ಹೇಳಿಕೊಂಡು ತಿರುಗಿದವಳು.

ಗೀತಾ ತೀರಿಕೊಂಡ ಐದನೆಯ ದಿನ ನಿಮ್ಮ ಅಪ್ಪಯ್ಯ ಬಂದರು. ಇಸಳೂರಿನಿಂದ ಬೈಕಿನಲ್ಲಿ ಯಾರದೋ ಬೆನ್ನಿಗೆ ಕೂತು ಬಂದಿದ್ದರು. ಮಾಸ್ತರರು ಎಂದರೆ ಯಾವಾಗಲೂ ಇಸ್ತ್ರಿ ಮಾಡಿದ ಅಂಗಿ, ಆವತ್ತು ಗುಂಡಿ ಒಂದು ಮೇಲೆ ಒಂದು ಕೆಳಗೆ. ಜ್ವರ ಎಂದು ಆಸ್ಪತ್ರೆಗೆ ಹೋದ ಮಗಳು ನಾಲ್ಕು ದಿನದಲ್ಲಿ ಇಲ್ಲವಾಗಿದ್ದಳು. ಮೊಮ್ಮಗಳು ಮೇಧಾಗೆ ಆಗ ಒಂದೂಕಾಲು ವರ್ಷ. ಮದುವೆಯ ಆಲ್ಬಮ್ ತಂದಿದ್ದರು — ತೇವ ಹಿಡಿದು ಹಾಳೆಗಳೆಲ್ಲ ಅಂಟಿಕೊಂಡಿದ್ದವು, ಬಿಡಿಸಿದರೆ ಮುಖದ ಬಣ್ಣವೇ ಎದ್ದು ಬರುತ್ತಿತ್ತು. ಉಳಿದ ಒಂದೆರಡರಲ್ಲಿ ಗಂಡನ ಪಕ್ಕ ತಲೆ ತಗ್ಗಿಸಿ ನಿಂತಿದ್ದಳು. ಅದೂ ಆಗುವುದಿಲ್ಲ, ಬದುಕಿರುವವನ ಪಕ್ಕದಿಂದ ಸತ್ತವಳನ್ನು ಕತ್ತರಿಸಬಾರದು ಎಂದು ವಜ್ರಳ್ಳಿಯ ಬೀಗಿತ್ತಿ ಹೇಳಿ ಕಳಿಸಿದ್ದರಂತೆ. ಕೊನೆಗೆ ಮಾಸ್ತರರು ಕಿಸೆಯಿಂದ ಒಂದು ಮೆಮರಿ ಕಾರ್ಡ್ ತೆಗೆದರು. ಅಳಿಯನ ಮೊಬೈಲಿನದು.

ಅದರಲ್ಲಿ ಗೀತಾಳ ಫೋಟೋ ಒಂದೇ ಒಂದು. ಮಗುವಿನ ಮೊದಲ ಹುಟ್ಟಿದ ಹಬ್ಬದ ಸಂಜೆ ಕರೆಂಟು ಹೋಗಿದೆ, ಒಂದು ಮೋಂಬತ್ತಿ ಇದೆ, ಮಗುವನ್ನು ತೊಡೆಯ ಮೇಲೆ ಇಟ್ಟುಕೊಂಡು ಅವಳು ನಗುತ್ತಿದ್ದಾಳೆ. ಬಲಗೆನ್ನೆಯ ಮೇಲೆ ಮಾತ್ರ ಬೆಳಕು. ಎಡಭಾಗ ಪೂರ್ತಿ ಕತ್ತಲೆ. ಫೋನು ಅಗ್ಗದ್ದು, ಕೈ ಅಲುಗಿದೆ. ಇಂಥದ್ದನ್ನು ತಿದ್ದುವುದು ಎಂದರೆ — ನನಗೆ ದುಃಖವಾಗಬೇಕಿತ್ತು. ಆದರೆ ಕೈ ತುರಿಸಿತು, ವೀಣಾ. ಇದನ್ನು ಗೆದ್ದರೆ ನಾನು ಎಂಥವಳು ಎಂದು ಊರಿಗೆ ಗೊತ್ತಾಗುತ್ತದೆ ಅನ್ನಿಸಿತು. ಮೊದಲ ತಪ್ಪು ಅಲ್ಲೇ ಇದೆ. ಕಣ್ಣು ಕತ್ತರಿಸಿದ್ದು ಆಮೇಲಿನ ಮಾತು.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ, ಇಡೀ ಫೋಟೋದ ಬೆಳಕು ಏರಿಸಿದೆ. ಕತ್ತಲೆಯೊಳಗಿಂದ ಮುಖ ಬರಲಿಲ್ಲ. ಕೆಂಪು, ನೀಲಿ, ಹಸಿರು ಕಾಳು ಕಾಳು ಬಂತು, ಸಾಸಿವೆ ಡಬ್ಬಿ ಚೆಲ್ಲಿದ ಹಾಗೆ. ಕತ್ತಲೆಯಲ್ಲಿ ಕ್ಯಾಮೆರಾ ಏನನ್ನು ಕಂಡಿಲ್ಲವೋ ಅದನ್ನು ಯಾರೂ ಎತ್ತಿ ತರಲಾರರು, ಅದು ನನಗೆ ಆಗಲೇ ಗೊತ್ತಿತ್ತು. ಆಮೇಲೆ ಆ ಕಾಳುಗಳನ್ನು ಒರೆಸಿ ನುಣ್ಣಗೆ ಮಾಡಿದೆ. ಒರೆಸಿದಷ್ಟೂ ಗೀತಾ ಕರಗಿದಳು. ಮೂಗಿನ ಪಕ್ಕದ ಗೆರೆ ಹೋಯಿತು, ರೆಪ್ಪೆ ಹೋಯಿತು, ಕೊನೆಗೆ ಉಳಿದದ್ದು ಬೊಂಬೆಯ ಮುಖ. ಎರಡನ್ನೂ ಬಿಟ್ಟೆ.

ಮೂರನೆಯದನ್ನು ಮರುದಿನ ಮಾಡಿದೆ. ಬಣ್ಣ ತೆಗೆದು ಕಪ್ಪು ಬಿಳುಪು. ಕತ್ತಲೆಯನ್ನು ಮುಟ್ಟಲೇ ಇಲ್ಲ, ಮೋಂಬತ್ತಿಯ ಕಡೆಯ ಕೆನ್ನೆಯನ್ನು ಮಾತ್ರ ಒಂದಿಷ್ಟು ಸ್ಪಷ್ಟ ಮಾಡಿ, ಉಳಿದದ್ದು ಹಾಗೇ ಬಿಟ್ಟೆ. ಕಾಳು ಇತ್ತು, ಇರಲಿ ಅಂದುಕೊಂಡೆ. ಅರ್ಧ ಮುಖ, ಅರ್ಧ ನಗು, ಚಿಕ್ಕದಾದ ಒಂದು ಕಣ್ಣು. ಅದು ಗೀತಾ. ನನ್ನ ಬದುಕಿನಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಅದೊಂದೇ ಎಂದು ಈಗ ಅನ್ನಿಸುತ್ತದೆ. ಮಾಸ್ತರರು ಅದರ ಪ್ರಿಂಟು ಹಿಡಿದುಕೊಂಡು ಅತ್ತರು, ವಜ್ರಳ್ಳಿಗೆ ಒಯ್ದರು, ಮರುದಿನ ವಾಪಸ್ ತಂದರು.

"ಬೀಗಿತ್ತಿ ಒಪ್ತಿಲ್ಲೆ. ಅರ್ಧ ಮುಖ ಕತ್ತಲೆ ಇಪ್ಪ ಫೋಟೋ ಗೋಡೆಗೆ ಹಾಕ್ಲಾಗ, ಮುಖ ಪೂರ್ತಿ ಕಾಣವು ಹೇಳಿ ಹೇಳ್ತ," ಅಂದರು. ಮುತ್ತೈದೆಯಾಗಿ ಹೋದವಳು, ಮಗು ದಿನಾ ನೋಡುವ ಫೋಟೋ. ಇಡೀ ಮುಖ, ಎರಡು ಕಣ್ಣೂ ಕಾಣಲೇಬೇಕಂತೆ.

ಆಗುವುದಿಲ್ಲ ಎನ್ನಬಹುದಿತ್ತು. ಹಾಳಾದ ಆಲ್ಬಮ್ಮಿನಿಂದಲೇ ಒಂದನ್ನು ತೆಗೆಯೋಣ ಎನ್ನಬಹುದಿತ್ತು. ನಾನು ಅಂದದ್ದು, "ನಾಳೆ ಬನ್ನಿ ಮಾಸ್ತರೇ, ಮಾಡಿಡ್ತೇನೆ."

ಅದಕ್ಕೆ ಒಂದು ತಿಂಗಳ ಹಿಂದೆ ನೀನು ಬಂದಿದ್ದೆ. ಹುಬ್ಬಳ್ಳಿಯಲ್ಲಿ ನರ್ಸಿಂಗ್ ಓದಲು ಅರ್ಜಿ ಹಾಕಬೇಕು, ಎಂಟು ಪ್ರತಿ ಕೊಡಿ ಎಂದಿದ್ದೆ. ಕೂದಲನ್ನು ಎಷ್ಟು ಬಿಗಿಯಾಗಿ ಬಾಚಿಕೊಂಡಿದ್ದೆ ಎಂದರೆ ಇವರು ಕ್ಯಾಮೆರಾ ಹಿಂದಿನಿಂದ ನಕ್ಕುಬಿಟ್ಟರು. ಆ ಫೋಟೋ ನನ್ನ ಕಂಪ್ಯೂಟರಿನಲ್ಲಿತ್ತು. ನಿನ್ನ ಹಣೆ, ಗಲ್ಲ ಅಕ್ಕನ ಹಾಗೆಯೇ ಇದ್ದವು. ಒಡಹುಟ್ಟಿದವರಲ್ಲವೇ, ಅದೇ ರಕ್ತ, ತಪ್ಪೇನು — ಹೀಗೆ ನನಗೆ ನಾನೇ ಹೇಳಿಕೊಂಡೆ. ನಿನ್ನ ಎರಡೂ ಕಣ್ಣು ತೆಗೆದುಕೊಂಡೆ. ತುಟಿಯ ಎಡ ತುದಿಯನ್ನೂ. ಒಂದಿಷ್ಟು ಓರೆ ಮಾಡಿದೆ, ಮೋಂಬತ್ತಿಯ ಹೊಂಬಣ್ಣವನ್ನು ಅವಕ್ಕೂ ಹಚ್ಚಿದೆ, ಕತ್ತಲೆಯ ಜಾಗದಲ್ಲಿ ಕೆನ್ನೆ ಬರೆದೆ. ಮಧ್ಯಾಹ್ನದ ಊಟ ಬಿಟ್ಟು ಕೂತಿದ್ದೆ. ಮುಗಿದಾಗ ಕಣ್ಣಲ್ಲಿ ನೀರು ಬಂತು. ಗೀತಾಳಿಗಾಗಿ ಅಲ್ಲ. ನನ್ನ ಕೈಚಳಕಕ್ಕೆ.

ಹನ್ನೆರಡನೆಯ ದಿನ ಬಂದವರೆಲ್ಲ ಫೋಟೋ ಹೊಗಳಿದರು ಎಂದು ಕೇಳಿದೆ. ನಿನ್ನ ಭಾವ ಅದರ ಮುಂದೆ ಬಹಳ ಹೊತ್ತು ನಿಂತಿದ್ದು ಏನೂ ಹೇಳದೆ ಹೋದರಂತೆ. ಅದನ್ನೂ ಮೆಚ್ಚುಗೆ ಎಂದೇ ಎಣಿಸಿದೆ. ಆಮೇಲೆ ಎಷ್ಟೋ ಮನೆಯವರು ಬಂದು, ವಜ್ರಳ್ಳಿಯ ಗೀತಾಳಿಗೆ ಮಾಡಿದ ಹಾಗೆ ನಮಗೂ ಮಾಡಿಕೊಡಿ ಎಂದರು. ನಾನು ಉಬ್ಬಿದೆ.

ಆ ಮನೆಯಲ್ಲಿ ಮಗುವನ್ನು ದಿನಾ ಎತ್ತಿಕೊಂಡು ಹೋಗಿ ಫೋಟೋ ತೋರಿಸಿ ಹೇಳಿಕೊಟ್ಟರು — ಆಯಿ, ಇದು ಆಯಿ. ಆರೇಳು ತಿಂಗಳು. ಆ ಮೇಲೆ ಒಂದು ದಿನ ನೀನು ಹೋದೆ. ಅಂಗಳದಲ್ಲಿ ಚಪ್ಪಲಿ ಬಿಡುತ್ತಿದ್ದ ನಿನ್ನನ್ನು ನೋಡಿ ಮಗು ಓಡಿ ಬಂದು ಕಾಲು ತಬ್ಬಿಕೊಂಡು "ಆಯಿ" ಎಂದಿತು. ಇದನ್ನು ನನಗೆ ಹೇಳಿದವರು ಮಾಸ್ತರರೇ. ಹೇಳುತ್ತಾ ಕಣ್ಣು ಒರೆಸಿಕೊಂಡರು. ಮನೆಯವರೆಲ್ಲ ಅತ್ತರಂತೆ, ಮಗುವಿನ ಬಾಯಲ್ಲಿ ದೇವರೇ ನುಡಿಸಿದ ಎಂದರಂತೆ. ಅಲ್ಲಿಯವರೆಗೆ ಬರೀ ಮಾತಾಗಿದ್ದದ್ದು ಅವತ್ತು ನಿಶ್ಚಯವಾಯಿತು. ಅಕ್ಕನ ಜಾಗಕ್ಕೆ ತಂಗಿ.

ಆ ಮಗು ಗುರುತು ಹಿಡಿದದ್ದು ತಾಯಿಯನ್ನಲ್ಲ. ದಿನಾ ಗೋಡೆಯ ಮೇಲೆ ನೋಡಿದ ನಿನ್ನ ಕಣ್ಣನ್ನು. ನನಗೆ ಗೊತ್ತಿತ್ತು, ಮಾಸ್ತರರು ಹೇಳುತ್ತಿದ್ದಾಗಲೇ ಗೊತ್ತಾಯಿತು. ಇಷ್ಟು ವರ್ಷ ಗೊತ್ತಿರಲಿಲ್ಲ ಎಂಬ ಹಾಗೆ ನಡೆದುಕೊಂಡೆ ಅಷ್ಟೆ.

ಮತ್ತೆ ಆ ದಿನ. ಮದುವೆಗೆ ಫೋಟೋದವರು ಬೇಕು ಎಂದು ಮಾಸ್ತರರು ಬಂದಿದ್ದರು, ಜೊತೆಗೆ ನೀನು. ಹುಬ್ಬಳ್ಳಿಯಲ್ಲಿ ಸೀಟು ಸಿಕ್ಕಿದೆ, ಹದಿನೈದು ದಿನದೊಳಗೆ ಸೇರಬೇಕು ಎಂಬುದು ನನಗೆ ಗೊತ್ತಿತ್ತು. ಇವರು ತಾರೀಕು ಬರೆದುಕೊಳ್ಳುತ್ತಿದ್ದರು. ನೀನು ಬೆಂಚಿನಿಂದ ಎದ್ದು ಒಳಕೋಣೆಯ ಬಾಗಿಲಿಗೆ ಬಂದು, ಹೊರಗೆ ಕೇಳುವ ಹಾಗೆ, ಗಟ್ಟಿಯಾಗಿ ಕೇಳಿದೆ.

"ಶಾರದಕ್ಕಾ, ಅಕ್ಕನ ಆ ಮೊಬೈಲ್ ಫೋಟೋ ಒಂದ್ಸಲ ತೆಗೆದು ತೋರಿಸಿ. ಫ್ರೇಮಿನಲ್ಲಿಪ್ಪ ಕಣ್ಣು ಅಕ್ಕಂದೇ ಹೌದಾ?"

ಅದರ ಸಿ.ಡಿ. ನನ್ನ ಮೇಜಿನ ಡ್ರಾಯರಿನಲ್ಲಿತ್ತು. ನಿನಗೂ ಅದಕ್ಕೂ ನಡುವೆ ಒಂದು ಮೊಳ ದೂರ. ಎಳೆದು ತೆಗೆದಿದ್ದರೆ, ಆ ಅರ್ಧ ಮುಖವನ್ನು ನಿಮ್ಮ ಅಪ್ಪಯ್ಯನಿಗೆ ತೋರಿಸಿ "ಮಾಸ್ತರೇ, ಮಗು ಮೋಸ ಹೋಗಿದೆ, ಮೋಸ ಮಾಡಿದವಳು ನಾನು" ಎಂದಿದ್ದರೆ — ಮದುವೆ ನಿಲ್ಲುತ್ತಿತ್ತೋ ಇಲ್ಲವೋ. ಅದನ್ನು ನಾನೀಗ ಲೆಕ್ಕ ಹಾಕಬಾರದು. ನಿನಗೊಂದು ಮಾತಿನ ಆಸರೆ ಸಿಗುತ್ತಿತ್ತು. ನಾನು ಎಣಿಸಿದ್ದು ನನ್ನ ಹೆಸರನ್ನು. ಇಡೀ ತಾಲೂಕು ಹೊಗಳಿದ ಕೆಲಸ ಕದ್ದ ಕಣ್ಣಿನದು ಎಂದು ನಾಳೆ ಪೇಟೆಯಲ್ಲಿ ಮಾತಾಗುತ್ತದೆ, ಸತ್ತವಳ ಮುಖ ಕೆಡಿಸಿದವಳು ಎನ್ನುತ್ತಾರೆ.

"ಅದೇ ಕಣ್ಣು ವೀಣಾ. ನಾನು ಬೆಳಕು ಮಾಡಿದ್ದಷ್ಟೇ," ಎಂದೆ.

ಮಾಸ್ತರರು ಹೊರಗಿನಿಂದಲೇ, "ಕೇಳಿತಾ ಕೂಸೆ? ಇನ್ನೆಂತ ಹೇಳ್ತೆ?" ಎಂದರು. ಬೈದು ಹೇಳಿದ್ದಲ್ಲ, ಮೆಲ್ಲಗೆ, ಸಮಾಧಾನ ಮಾಡುವ ಹಾಗೆ. ನೀನು ಇನ್ನೊಮ್ಮೆ ಕೇಳಲಿಲ್ಲ. ನನ್ನ ಮುಖವನ್ನೇ ನೋಡಿದೆ, ಆಮೇಲೆ ಹೋಗಿ ಬೆಂಚಿನ ಮೇಲೆ ಕೂತೆ. ಮುಂದಿನ ತಿಂಗಳು ನಿನ್ನ ಮದುವೆಯ ಫೋಟೋ ತಿದ್ದಿದವಳೂ ನಾನೇ. ಅದರ ಬಗ್ಗೆ ಬರೆಯಲು ಆಗುವುದಿಲ್ಲ.

ವರ್ಷಗಳು ಹೋದವು. ಮಾಸ್ತರರು ತೀರಿಕೊಂಡರು. ನಿನ್ನ ಭಾವ — ಗಂಡ ಎಂದು ಬರೆಯಲು ಇವತ್ತಿಗೂ ನನ್ನ ಕೈ ಬರುವುದಿಲ್ಲ, ಕ್ಷಮಿಸು — ಆ ಹಳೆಯ ಫೋನನ್ನು ಎಂದೋ ಎಸೆದಿದ್ದರಂತೆ, ಆಲ್ಬಮ್ ಪೂರ್ತಿ ಗೆದ್ದಲು ತಿಂದಿತಂತೆ. ಇವನ್ನೆಲ್ಲ ಹೇಳಿದವಳು ಮೇಧಾ. ಪಿ.ಯು.ಸಿ. ಓದಲು ದಿನಾ ಶಿರಸಿಗೆ ಬರುವ ಹುಡುಗಿ ಒಂದು ಮಧ್ಯಾಹ್ನ ಪೇಪರಿನಲ್ಲಿ ಸುತ್ತಿದ ಫ್ರೇಮು ಹಿಡಿದು ಒಳಗೆ ಬಂದಳು. ಗಾಜಿನೊಳಗೆ ಬೂಷ್ಟು ಹಿಡಿದು ಫೋಟೋದ ಗಲ್ಲದ ಮೇಲೆ ಕಲೆ ಬಿದ್ದಿತ್ತು. "ಆಂಟಿ, ಇದು ಹಾಳಾಗ್ತಾ ಇದ್ದು. ಈಗ ಹೊಸ ಹೊಸ ಸಾಫ್ಟ್‌ವೇರ್ ಬೈಂದಲೆ, ಅದ್ರಲ್ಲಿ ಚೊಲೊ ಮಾಡಿಕೊಡಿ. ಆಯಿದು ಇದೊಂದೇ ಇಪ್ಪುದು," ಎಂದಳು.

ಅವಳನ್ನು ಎದುರು ಕೂರಿಸಿಕೊಂಡೇ ಹಳೆಯ ಸಿ.ಡಿ. ಹುಡುಕಿ ಹಾಕಿದೆ. ಮೂಲ ಫೋಟೋ ತೆರೆಯಿತು. ಪರದೆ ನನ್ನ ಕಡೆಗಿತ್ತು, ಅವಳಿಗೆ ಕಾಣುತ್ತಿರಲಿಲ್ಲ. ನಾನು ಫೋಟೋ ನೋಡಿದೆ, ತಲೆ ಎತ್ತಿ ಅವಳನ್ನು ನೋಡಿದೆ. ಮತ್ತೆ ಫೋಟೋ. ಎರಡರಲ್ಲೂ ಅದೇ ಚಿಕ್ಕ ಕಣ್ಣು, ತುಸು ಇಳಿದ ರೆಪ್ಪೆ, ನಕ್ಕರೆ ಮೇಲಿನ ಹಲ್ಲಿನ ನಡುವೆ ಒಂದು ಸಂದು. ಅರ್ಧವೇ ಕಂಡರೂ ಸಾಕಾಗಿತ್ತು. ಒಂದು ವಾರ ಬಿಟ್ಟು ಬಾ ಎಂದು ಅವಳನ್ನು ಕಳಿಸಿದೆ. ಅವಳೆದುರೂ ಧೈರ್ಯ ಬರಲಿಲ್ಲ.

ಆ ವಾರ ಎಲ್ಲ ದಾರಿಗಳನ್ನೂ ಮತ್ತೊಮ್ಮೆ ನಡೆದೆ. ಹೊಸ ಸಾಫ್ಟ್‌ವೇರಿಗೆ ಕೊಟ್ಟು ನೋಡಿದೆ. ಒಂದು ಗುಂಡಿ ಒತ್ತಿದರೆ ಸಾಕು, ಕತ್ತಲೆಯೆಲ್ಲ ಮಾಯ, ರೆಪ್ಪೆಯ ಕೂದಲು ಎಣಿಸಬಹುದು, ಹಲ್ಲಿನ ಸಂದು ಮುಚ್ಚಿದೆ. ಯಾವ ಊರಿನ ಹೆಂಗಸೋ ಏನೋ. ನಾನು ಊಟ ಬಿಟ್ಟು ಹೇಳಿದ ಸುಳ್ಳನ್ನು ಅದು ನಾಲ್ಕು ಉಸಿರಿನಲ್ಲಿ ಹೇಳಿ ಮುಗಿಸಿತು, ನಾಚಿಕೆಯಿಲ್ಲದೆ. ನಾನು ಅದನ್ನು ಬೈದೆ! ಬೈಯಲು ನನಗೇನು ಹಕ್ಕು. ಕೊನೆಗೆ ಹದಿನೈದು ವರ್ಷದ ಹಿಂದಿನ ಮೂರನೆಯ ದಾರಿಗೇ ಬಂದೆ. ಬೆಳಕಿದ್ದಲ್ಲಿ ಬೆಳಕು, ಇಲ್ಲದಲ್ಲಿ ಇಲ್ಲ. ಪ್ರಿಂಟು ತೆಗೆದು, ನಿನಗೆ ಫೋನು ಮಾಡಿದೆ.

ನೀನು ಬಂದೆ. ಕೂದಲು ಎಷ್ಟು ಬೆಳ್ಳಗಾಗಿದೆ ನಿನಗೆ. ನಾನು ಏನೂ ಹೇಳದೆ ಆ ಪ್ರಿಂಟನ್ನು ನಿನ್ನ ಕೈಯಲ್ಲಿಟ್ಟೆ. ಗುರುತು ಹಿಡಿಯುತ್ತೀಯ, ಅಳುತ್ತೀಯ, ನನ್ನನ್ನು ಬೈಯುತ್ತೀಯ ಎಂದುಕೊಂಡಿದ್ದೆ. ಅದಕ್ಕೆಲ್ಲ ಸಿದ್ಧವಾಗಿದ್ದೆ. ನೀನು ನೋಡಿ ನಕ್ಕೆ.

"ಮೇಧಾನ ಫೋಟೋ ಎಂತಕ್ಕೆ ಇಷ್ಟು ಕತ್ತಲೇಲಿ ತೆಗದ್ರಿ?"

ಅದು ಮೇಧಾ ಅಲ್ಲ, ಗೀತಾ ಎಂದೆ. ಮುಂದಿನದನ್ನು ಶುರು ಮಾಡಿದೆ, ಕಣ್ಣಿನ ವಿಷಯ, ಆ ದಿನದ ಸುಳ್ಳು. ನೀನು ಕೈ ಎತ್ತಿ ತಡೆದೆ.

"ಅದೆಲ್ಲ ನಂಗೆ ಗೊತ್ತಿದ್ದಿತ್ತು ಶಾರದಕ್ಕಾ. ಕೂಡಿ ಬೆಳೆದವ್ಕೆ ಅಕ್ಕನ ಕಣ್ಣು ಗೊತ್ತಿರ್ತಿಲ್ಯಾ? ಆವತ್ತು ಕೇಳಿದ್ದು ನಂಗೆ ತಿಳ್ಕಂಬಲೆ ಅಲ್ಲ. ನಿಮ್ಮ ಬಾಯಿಂದ ಅಪ್ಪಯ್ಯ ಕೇಳಲಿ ಹೇಳಿ."

ಹದಿನೈದು ವರ್ಷ ನಾನು ನಿನ್ನ ಪ್ರಶ್ನೆಯನ್ನು ಪ್ರಶ್ನೆ ಎಂದೇ ತಿಳಿದಿದ್ದೆ. ಸಾಕ್ಷಿ ಹೇಳು ಎಂದು ನೀನು ನನ್ನನ್ನು ಕರೆದದ್ದು ನನಗೆ ಕೇಳಿಸಲೇ ಇಲ್ಲ. ನಿನ್ನ ಪಾಲಿಗೆ ಇದ್ದ ಒಬ್ಬಳೇ ಸಾಕ್ಷಿ ನಾನು.

ಆ ಪ್ರಿಂಟನ್ನು ಬೆಳಕಿಗೆ ಹಿಡಿದು, ಕಣ್ಣಿನ ಹತ್ತಿರ ತಂದು, ದೂರ ಹಿಡಿದು ನೋಡಿದೆ ನೀನು. ಆಮೇಲೆ ಮೇಜಿನ ಮೇಲೆ ಮಗುಚಿ ಇಟ್ಟೆ. "ಆಗ ಗೊತ್ತಿತ್ತು. ಈಗ ಅಕ್ಕನ ನೆನಪು ಮಾಡ್ಕಂಡ್ರೆ ಆ ಫ್ರೇಮಿನ ಮುಖವೇ ಬತ್ತು. ಇದು ಬತ್ತೇ ಇಲ್ಲೆ," ಎಂದೆ. ನಿನ್ನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ನಿನ್ನ ಓದನ್ನು ನಾನು ಕಿತ್ತುಕೊಂಡೆ ಎಂದಷ್ಟೇ ತಿಳಿದಿದ್ದೆ ವೀಣಾ. ನಿನ್ನೊಳಗಿದ್ದ ಅಕ್ಕನನ್ನೂ ತೆಗೆದಿದ್ದೇನೆ ಎಂದು ಅವತ್ತು ಗೊತ್ತಾಯಿತು. ಮೂಲ ಫೋಟೋ ನನ್ನ ಕೈಯಲ್ಲಿದೆ, ಅದನ್ನು ಗುರುತಿಸುವವರು ಇನ್ನು ಯಾರೂ ಇಲ್ಲ.

ಮೇಧಾಳಿಗಾದರೂ ಇದನ್ನು ಕೊಡೋಣ, ಅವಳದೇ ಮುಖ, ಅವಳಿಗೆ ಎಷ್ಟು ಸಂತೋಷವಾಗಬಹುದು ಎಂದೆ. ನೀನು ತಲೆ ಅಲ್ಲಾಡಿಸಿದೆ. "ಮೇಧಾಗೆ ಹೇಳಿರೆ, 'ಹಂಗಾರೆ ಸಣ್ಣಿಪ್ಪಾಗ ಆನು ನಿನ್ನ ಆಯಿ ಹೇಳಿ ಕರೆದದ್ದು ಎಂತಕ್ಕೆ' ಹೇಳಿ ಕೇಳ್ತು. ಅದ್ರ ಬಾಯಿ ಮಾತಿಂದ ಆನು ವಜ್ರಳ್ಳಿ ಮನೆಗೆ ಬಂದದ್ದು ಹೇಳಿ ಅದಕ್ಕೆ ಗೊತ್ತಪ್ಪದು ಬೇಡ. ಕಣ್ಣು ಹಾಂಗೇ ಇರ್ಲಿ." ಚೀಲ ಎತ್ತಿಕೊಂಡು, ಬಸ್ಸಿಗೆ ಹೊತ್ತಾಯಿತು ಎಂದು ಹೊರಟುಬಿಟ್ಟೆ. ಪ್ರಿಂಟನ್ನು ಒಯ್ಯಲಿಲ್ಲ.

ನೀನು ಹೇಳಿದ ಹಾಗೆಯೇ ಮಾಡಿದೆ. ಹಳೆಯ ಸುಳ್ಳನ್ನೇ ದೊಡ್ಡ ಅಳತೆಯಲ್ಲಿ, ಬೂಷ್ಟು ಹಿಡಿಯದ ಕಾಗದದ ಮೇಲೆ ತೆಗೆದೆ. ಇನ್ನು ಐವತ್ತು ವರ್ಷಕ್ಕೆ ಅದು ಮಾಸುವುದಿಲ್ಲ.

ಇನ್ನು ನಿನಗೆ ಗೊತ್ತಿಲ್ಲದ್ದು. ಆ ಶನಿವಾರ ಕಾಲೇಜು ಬಿಟ್ಟ ಮೇಲೆ ಮೇಧಾ ಬಂದಳು. ಫ್ರೇಮನ್ನು ಎರಡು ಕೈಯಲ್ಲಿ ಹಿಡಿದು, ದೂರ ಮಾಡಿ ನೋಡಿ, "ಆಯಿ ಎಷ್ಟು ಚೆಂದ ಇದ್ದಿತ್ತು ಅಲ್ದಾ?" ಎಂದಳು. ಹೌದು ಎಂದೆ. ಅಷ್ಟಕ್ಕೇ ಮುಗಿದಿದ್ದರೆ ನಾನು ಈ ಕಾಗದ ಬರೆಯುತ್ತಿದ್ದೆನೋ ಇಲ್ಲವೋ. ಹೊರಟವಳು ಮೆಟ್ಟಿಲ ಹತ್ತಿರ ನಿಂತು, ತಿರುಗಿ, ಸ್ವಲ್ಪ ನಾಚಿಕೊಂಡು ಕೇಳಿದಳು.

"ಆಂಟಿ, ನನ್ನ ಮುಖ ಒಂಚೂರಾದ್ರೂ ಆಯಿ ಹಾಂಗೆ ಇದ್ದಾ?"

ಬಾಗಿಲ ಬೆಳಕು ಅವಳ ಬಲಗೆನ್ನೆಯ ಮೇಲಿತ್ತು. ನಿನ್ನ ಅಕ್ಕ ನನ್ನೆದುರು ನಿಂತು ನನ್ನನ್ನೇ ಕೇಳುತ್ತಿದ್ದಾಳೆ ಅನ್ನಿಸಿತು. ಹೇಳಬೇಡ ಎಂಬ ನಿನ್ನ ಮಾತಿತ್ತು. ಅದನ್ನು ನೆಪ ಮಾಡಿಕೊಳ್ಳುವುದಿಲ್ಲ — ಹೇಳಿದ ಬಾಯಿ ನನ್ನದು.

"ಇಲ್ಲ ಪುಟ್ಟಿ, ನೀನು ಪೂರ್ತಿ ನಿನ್ನ ಅಪ್ಪನ ಹಾಗೆ," ಎಂದೆ.

"ಎಲ್ಲರೂ ಹಂಗೇ ಹೇಳ್ತ," ಎಂದು ಮೇಧಾ ಫ್ರೇಮನ್ನು ಎದೆಗೆ ಒತ್ತಿಕೊಂಡು ಮೆಟ್ಟಿಲಿಳಿದು ಹೋದಳು.